ಮುಂದಿನ ಸಾಲಿನ ಹಾಡು

ಹೊಲಿಗೆ ಅಂಗಡಿ, ಹಿಂದಿನ ಕೋಣೆ
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? "ಚೆನ್ನಾಗಿದ್ದೇನೆ" ಅಂತ ಒಂದು ಗೆರೆ ಗೀಚಿ ನನ್ನನ್ನು ಸಾಗಹಾಕಬೇಡ, ಸರಿಯಾಗಿ ಬರೆ. ಗಂಟಲಿನ ಗಾಯ ಪೂರ್ತಿ ಒಣಗಿತೇ? ನುಂಗುವಾಗ ಈಗಲೂ ನೋಯುತ್ತದೆಯೇ? ಆಪರೇಷನ್ ಮಾಡಿದ ಡಾಕ್ಟರು ಮೊನ್ನೆ ನೋಡಿ, ಇನ್ನು ಮಾತಾಡಬಹುದು, ಮಾತಾಡಿದಷ್ಟೂ ಒಳ್ಳೆಯದು ಎಂದರಂತೆ. ಈ ಸುದ್ದಿಯನ್ನೂ ನಿನ್ನ ಮಗನ ಬಾಯಿಂದಲೇ ಕೇಳಬೇಕಾಯಿತು. ನಾನು ಫೋನ್ ಮಾಡಿದಾಗಲೆಲ್ಲ ನೀನು ಅದನ್ನು ಅವನ ಕೈಗೆ ತುರುಕಿ ಎದ್ದು ಹೋಗುತ್ತೀಯಂತೆ. ಮೊಮ್ಮಗಳು ಏನಾದರೂ ಕೇಳಿದರೆ ಚೀಟಿಯಲ್ಲಿ ಬರೆದು ಕೊಡುತ್ತೀಯಂತೆ. ಆ ಮಗುವಿಗೆ ಇನ್ನೂ ಒತ್ತಕ್ಷರವೇ ಸರಿಯಾಗಿ ಬಾರದು. ಅಜ್ಜಿ ಏನು ಹೇಳಿದಳು ಎಂದು ತಿಳಿಯುವುದಕ್ಕೆ ಚೀಟಿ ಹಿಡಿದುಕೊಂಡು ಅಮ್ಮನ ಹತ್ತಿರ ಓಡುತ್ತದಂತೆ. ಇದನ್ನು ಕೇಳಿ ನನಗೆ ನಗು ಬಂತು, ಆಮೇಲೆ ಇದು ನಗುವ ವಿಷಯವಲ್ಲ ಅನಿಸಿತು.

ನಾನು ಇದ್ದ ಹಾಗೆಯೇ ಇದ್ದೇನೆ. ಮಂಡಿ ನೋವು ಮಾತ್ರ ಹೆಚ್ಚಾಗಿದೆ, ಮಷೀನು ತುಳಿಯುವುದನ್ನು ಬಿಟ್ಟು ಮೋಟಾರು ಹಾಕಿಸಿಕೊಂಡೆ. ನಿನ್ನ ಭಾವ ಪೇಪರ್ ಓದುತ್ತಾ ಓದುತ್ತಾ ನಿದ್ದೆ ಹೋಗುತ್ತಾರೆ, ಎಬ್ಬಿಸಿದರೆ ಓದುತ್ತಲೇ ಇದ್ದೆ ಅಂತ ನನ್ನ ಮೇಲೇ ರೇಗುತ್ತಾರೆ. ಜೂನಿನಲ್ಲಿ ಶುರುವಾಗುವ ಶಾಲೆಗಳ ಆರ್ಡರು ಈಗಲೇ ಬಂದಿದೆ, ಅಂಗಡಿ ತುಂಬ ಯೂನಿಫಾರ್ಮಿನ ನೀಲಿ ಬಟ್ಟೆ. ಕಾಜಾ ಹಾಕಬೇಕಾದ ಅಂಗಿಗಳ ರಾಶಿಯನ್ನು ಪಕ್ಕಕ್ಕೆ ತಳ್ಳಿ, ಕತ್ತರಿಸುವ ಮೇಜಿನ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಕಾಗದದಲ್ಲಿ ಸೀಮೆಸುಣ್ಣದ ಪುಡಿ ಕಂಡರೆ ಬೈದುಕೊಳ್ಳಬೇಡ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮಿಷನ್ ಹೈಸ್ಕೂಲಿನ ಸಂಗೀತದ ಟೀಚರಿಗೆ ಈ ತಿಂಗಳು ತೊಂಬತ್ತು ತುಂಬುತ್ತದೆ. ಕೈ ಒಂದೇ ಸಮ ತಾಳ ಹಾಕುತ್ತಿತ್ತೆಂದು ನಾವೆಲ್ಲ ಬೆನ್ನ ಹಿಂದೆ ಗಡಿಯಾರ ಅನ್ನುತ್ತಿದ್ದೆವಲ್ಲ, ಅವರೇ. ತಮ್ಮನ ಮಗಳ ಮನೆಯಲ್ಲಿದ್ದಾರೆ, ಕಣ್ಣು ಮಂಜು, ನೆನಪು ಬಂದು ಹೋಗಿ ಮಾಡುತ್ತದೆ. ಈ ಸುದ್ದಿ ತಂದವಳು ಬೇಕರಿಯವಳು, ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ನಿಂತು ಸದಾ ಏನಾದರೂ ಮೆಲ್ಲುತ್ತಿದ್ದವಳು. ಟೀಚರಿಗೆ ಕೇಕು ಕೊಡುವುದಕ್ಕಿಂತ ಅವರೇ ಕಟ್ಟಿದ ಬೆಳಗಿನ ಹಾಡನ್ನು ಹಾಡಿದರೆ ಖುಷಿಪಡುತ್ತಾರೆ ಅಂದಳು. ಬೇಕರಿಯವಳು ಕೇಕು ಬೇಡ ಅನ್ನುವುದೆಂದರೇನು, ಅದಕ್ಕೇ ನಾನು ಮರುಮಾತಾಡದೆ ಒಪ್ಪಿದೆ.

ನಮ್ಮ ಶಾಲೆಯಲ್ಲಿ ಆ ಕಾಲದಲ್ಲಿ ಹಾಡಿನ ತಂಡಕ್ಕೆ ಎಂಥ ಗತ್ತಿತ್ತು ನೆನಪಿದೆಯೇ? ಓಟದಲ್ಲಿ ಗೆದ್ದವರನ್ನೂ ಯಾರೂ ಹಾಗೆ ನೋಡುತ್ತಿರಲಿಲ್ಲ. ಟೀಚರು ಒಬ್ಬೊಬ್ಬರನ್ನೇ ಪಿಯಾನೋ ಪಕ್ಕ ನಿಲ್ಲಿಸಿ, ಅವರವರ ಹೆಸರನ್ನೇ ಹಾಡಿಸಿ, ಯಾವ ಸಾಲೆಂದು ಬೆರಳು ತೋರಿಸಿ ಕಳಿಸುತ್ತಿದ್ದರು. ನೀನು ಮೇಲ್ದನಿ, ಮುಂದಿನ ಸಾಲು. ನಾನು ಕೆಳದನಿ, ಹಿಂದಿನ ಸಾಲು. ನಿನಗಿಂತ ಎರಡು ತರಗತಿ ಮೇಲಿದ್ದವಳು ನಾನು, ಆದರೆ ರಾಗ ಸಿಕ್ಕಿದ್ದು ನಿನಗೆ. ನಮಗೆ ಸಿಕ್ಕಿದ್ದು ಬರೀ "ಬಾ ಬೆಳಕೇ, ಬಾ ಬೆಳಕೇ" ಅಂತ ಎಳೆಯುವ ಕೆಲಸ. ನೀವು ಹೊಳೆ, ಹಕ್ಕಿ, ಇಬ್ಬನಿ ಅಂತ ಊರೆಲ್ಲ ಸುತ್ತಿ ಬರುವಾಗ ನಾವು ಅಲ್ಲೇ ನಿಂತು ಬೆಳಕನ್ನು ಕರೆಯುತ್ತಿದ್ದೆವು.

ಅದರ ಮೇಲೆ ಟೀಚರ ಆ ನಿಯಮ ಬೇರೆ. ಶಾಲೆಗಳ ಹಾಡಿನ ಸ್ಪರ್ಧೆಯ ಹಿಂದಿನ ದಿನದವರೆಗೆ ಎರಡು ಸಾಲೂ ಜೊತೆಯಲ್ಲಿ ಹಾಡುವಂತಿಲ್ಲ. ನಿಮಗೆ ಭೂಗೋಳದ ಕೋಣೆ, ನಮಗೆ ಹೊಲಿಗೆ ಕ್ಲಾಸಿನ ಕೋಣೆ. ಒಬ್ಬರ ರಾಗ ಇನ್ನೊಬ್ಬರ ಕಿವಿಗೆ ಬಿದ್ದರೆ ಎಲ್ಲರೂ ಒಂದೇ ಕಡೆ ಜಾರುತ್ತೀರಿ ಎನ್ನುತ್ತಿದ್ದರು. ಮನೆಯಲ್ಲೂ ಹಾಗೆಯೇ, ನೀನು ಬಚ್ಚಲಲ್ಲಿ ಗುನುಗಿದರೆ ನಾನು ಕಿವಿ ಮುಚ್ಚಿಕೊಂಡು ಜಗಲಿಗೆ ಓಡಬೇಕು. ಇಬ್ಬರು ಹೆಣ್ಣುಮಕ್ಕಳಿಗೂ ತಲೆ ಕೆಟ್ಟಿದೆ ಎಂದು ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡಿದ್ದಳು. ಕೊನೆಗೆ ಸಭಾಂಗಣದಲ್ಲಿ ಎರಡೂ ಸಾಲು ಮೊದಲ ಸಲ ಸೇರಿದವು ನೋಡು, ನಮ್ಮ ಆ ಬೇಸರದ "ಬಾ ಬೆಳಕೇ" ಮೇಲೆ ನಿನ್ನ ದನಿ ಬಂದು ಕೂತಾಗ ನನಗೆ ಮೈ ಜುಮ್ಮೆಂದಿತು. ಇಷ್ಟು ಚೆಂದದ ಹಾಡಿನಲ್ಲಿ ನಾವೂ ಇದ್ದೇವೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಖುಷಿಯಲ್ಲಿ ನಾನು ಬಾಯಿ ತೆರೆಯುವುದನ್ನೇ ಮರೆತೆ, ಟೀಚರು ಕಣ್ಣಲ್ಲೇ ಸುಟ್ಟುಬಿಟ್ಟರು.

ಇರಲಿ. ಬೇಕರಿಯವಳು ಸಿಕ್ಕಿದಳಾ, ಅವಳ ಮೂಲಕ ತಂಡದಲ್ಲೆಲ್ಲ ಎತ್ತರದವಳಾದ ನಮ್ಮ ಉದ್ದಕ್ಕ ಸಿಕ್ಕಳು. ಅವಳು ನರ್ಸ್ ಆಗಿ ರಿಟೈರ್ ಆಗಿದ್ದಾಳೆ, ಈಗ ಅಷ್ಟೇನೂ ಉದ್ದವಿಲ್ಲ. ಅವಳ ಜೊತೆ ಅವಳ ನಾದಿನಿಯೂ ಬಂದಳು, ಅವಳೂ ನಮ್ಮ ತಂಡದವಳೇ. ನಾಲ್ವರೂ ಅಂಗಡಿ ಮುಚ್ಚಿದ ಮೇಲೆ ಇದೇ ಕೋಣೆಯಲ್ಲಿ, ನೀಲಿ ಬಟ್ಟೆಯ ಥಾನುಗಳ ನಡುವೆ ನಿಂತು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆವು. "ಬಾ ಬೆಳಕೇ." ಇನ್ನೊಮ್ಮೆ "ಬಾ ಬೆಳಕೇ." ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪುಟ್ಟೀ, ಸೇರಿದ್ದ ನಾಲ್ವರೂ ಹಿಂದಿನ ಸಾಲಿನವರು! ಒಬ್ಬರಿಗೂ ಹಾಡು ಗೊತ್ತಿಲ್ಲ. ಮುಂದಿನ ಸಾಲಿನ ರಾಗ ಹಿಡಿಯಲು ಹೋದರೆ ಮೊದಲ ಮಾತು ಹೇಗೋ ಬರುತ್ತದೆ, ಎರಡನೆಯದಕ್ಕೆ ಕಾಲು ಜಾರಿ ನಮ್ಮ ಜಾಗಕ್ಕೇ ಬಂದು ಬೀಳುತ್ತೇವೆ. ಗಡಿಯಾರ ಕಲಿಸಿದ ಪಾಠ ಅಷ್ಟು ಗಟ್ಟಿ. ಒಳಗಿನಿಂದ ನಿನ್ನ ಭಾವ ಬಂದು, ಕರೆಂಟು ಹೋಗಿದೆಯಾ, ಯಾಕೆ ಎಲ್ಲರೂ ಬೆಳಕು ಬೆಳಕು ಅಂತಿದ್ದೀರಿ ಎಂದು ಕೇಳಿದರು. ಉದ್ದಕ್ಕ ನಕ್ಕು ನಕ್ಕು ಬಟ್ಟೆಯ ರಾಶಿಯ ಮೇಲೇ ಕೂತಳು.

ಮುಂದಿನ ಸಾಲಿನವರನ್ನು ಹುಡುಕಿದೆವು. ಕೆಲವರು ತೀರಿಕೊಂಡಿದ್ದಾರೆ, ಕೆಲವರ ವಿಳಾಸ ಸಿಗಲಿಲ್ಲ. ಆಗ ನಮ್ಮೂರಲ್ಲಿದ್ದ ಡಾಕ್ಟರ ಮಗಳು ಸಿಕ್ಕಳು, ಆದರೆ ಅವಳಿಗೆ ನೆನಪಿರುವುದು ಸ್ಪರ್ಧೆಯ ದಿನ ಹೊಸ ಶೂ ಕಚ್ಚಿದ್ದು ಮಾತ್ರ. ಉಳಿದವಳು ನೀನೊಬ್ಬಳು. ನಿನ್ನ ಸ್ಥಿತಿ ಗೊತ್ತಿದ್ದೂ ಕೇಳುವುದು ಹೇಗೆ ಎಂದು ನಾನು ಸುಮ್ಮನಿದ್ದೆ. ಹಾಡಿಲ್ಲದಿದ್ದರೂ ನೋಡಿಕೊಂಡಾದರೂ ಬರೋಣ ಎಂದು ಹೋದ ಭಾನುವಾರ ನಾಲ್ವರೂ ಟೀಚರ ಮನೆಗೆ ಹೋದೆವು.

ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಮುಖ ಗುರುತು ಸಿಗಲಿಲ್ಲ, ಹೆಸರು ಹೇಳಿದರೂ ತಲೆಯಾಡಿಸಿದರು ಅಷ್ಟೆ. ಬೇಕರಿಯವಳು ತಡೆಯಲಾರದೆ ಮೆಲ್ಲಗೆ "ಬಾ ಬೆಳಕೇ" ಎಂದಳು, ನಾವೂ ಸೇರಿಕೊಂಡೆವು. ಟೀಚರ ಬೆನ್ನು ನೆಟ್ಟಗಾಯಿತು. ಬಲಗೈಯಿಂದ ನಮ್ಮನ್ನು ಹಾಗೇ ಹಿಡಿದಿಟ್ಟುಕೊಂಡು ಎಡಗೈಯನ್ನು ಖಾಲಿ ಗೋಡೆಯ ಕಡೆ ಎತ್ತಿದರು. ನೀವು ನಿಲ್ಲುತ್ತಿದ್ದ ಕಡೆ. ಯಾರೂ ಬರಲಿಲ್ಲ. ನಾವು ಉಸಿರು ಸಾಲದೆ ನಿಲ್ಲಿಸಿದೆವು, ಅವರ ಕೈ ಮಾತ್ರ ಇಳಿಯಲಿಲ್ಲ. "ಇವಳ ತಂಗಿ ಎಲ್ಲಿ, ಆ ಸಣ್ಣವಳು?" ಎಂದು ಕೇಳಿದರು. ಎಷ್ಟು ವರ್ಷದ ಮೇಲೆ, ಪುಟ್ಟೀ! ನನ್ನ ಹೆಸರಿಗೆ ಗುರುತು ಸಿಗದವರಿಗೆ ನನ್ನ ಕೆಳದನಿಯಿಂದ ನೀನು ನೆನಪಾದೆ.

ನಾನು ಹತ್ತಿರ ಹೋಗಿ ಎಲ್ಲ ಹೇಳಿದೆ. ಆಪರೇಷನ್ ಆಯಿತು, ದನಿ ಒಡೆದಿದೆ, ಅದನ್ನು ಕೇಳಿದರೆ ಅವಳಿಗೇ ಸಹಿಸಲಾಗುತ್ತಿಲ್ಲ, ನಾಚಿಕೆಯಿಂದ ಮನೆಯಲ್ಲೂ ಬಾಯಿ ಬಿಡುತ್ತಿಲ್ಲ ಎಂದೆ. ಅವರು ಎತ್ತಿದ್ದ ಕೈಯನ್ನು ತೊಡೆಯ ಮೇಲಿಳಿಸಿ, "ದನಿ ಹೋದ್ರೆ ಹೋಗ್ಲಿ. ದಾರಿ ಗೊತ್ತಿರೋದು ಅವಳಿಗೇ ತಾನೇ?" ಅಂದರು. ಅಷ್ಟು ಹೇಳಿ ಟೀ ಕೇಳಿದರು. ನಾವು ಹೊರಡುವ ಹೊತ್ತಿಗೆ ನಾವು ಯಾರೆಂಬುದು ಮತ್ತೆ ಮರೆತಿತ್ತು.

ನೋಡು, ನನಗೆ ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದೇಕೆ. ಅದಕ್ಕಿಂತ ಹೆಚ್ಚಾಗಿ ಭಯವಿದೆ. ಮೊದಲು ಒಂದು ವಾರ ಅಂದೆ, ಆಮೇಲೆ ಗಾಯ ಒಣಗಲಿ ಅಂದೆ, ಈಗ ಚೀಟಿಯೇ ಅಭ್ಯಾಸವಾಗಿದೆ. ಹೀಗೇ ಬಿಟ್ಟರೆ ನೀನು ಇನ್ನು ಮಾತಾಡುವುದೇ ಇಲ್ಲವೇನೋ, ನಿನ್ನ ಬಾಯಿಂದ "ಅಕ್ಕಾ" ಅನ್ನುವುದನ್ನು ನಾನು ಇನ್ನು ಕೇಳುವುದೇ ಇಲ್ಲವೇನೋ ಎಂದು ಬಟ್ಟೆ ಕತ್ತರಿಸುತ್ತಿರುವಾಗಲೇ ಕೈ ನಿಂತುಬಿಡುತ್ತದೆ. ನಿನ್ನ ಹಳೆಯ ದನಿ ನನಗೂ ಇಷ್ಟವಿತ್ತು, ಅದು ಹೋಗಿದ್ದಕ್ಕೆ ನಾನೂ ಅತ್ತಿದ್ದೇನೆ. ಆದರೆ ನನಗೆ ಬೇಕಾಗಿರುವುದು ತಂಗಿ. ಅವಳು ಕಪ್ಪೆಯ ಹಾಗೆ ವಟಗುಟ್ಟಿದರೂ ನಾನು ಕೇಳುತ್ತೇನೆ, ಚಿಕ್ಕಂದಿನಿಂದ ಅವಳ ವಟವಟ ಕೇಳಿದವಳೇ ಅಲ್ಲವೇ ನಾನು.

ಹೊರಗೆ ಯಾರೋ ಅಳತೆ ಕೊಡಲು ಬಂದು ಬಾಗಿಲು ಬಡಿಯುತ್ತಿದ್ದಾರೆ, ಮುಗಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣನೆಯ ನೀರು ಕುಡಿಯಬೇಡ. ಮಗನಿಗೂ ಸೊಸೆಗೂ ನಮ್ಮಿಬ್ಬರ ಆಶೀರ್ವಾದ ಹೇಳು, ಹೇಳು ಅಂದರೆ ಬಾಯಲ್ಲಿ. ಮೊಮ್ಮಗಳಿಗೆ ಒಂದು ಫ್ರಾಕು ಹೊಲಿದಿಟ್ಟಿದ್ದೇನೆ, ನಿನ್ನ ಚೀಟಿಗಳೆಲ್ಲ ಹಿಡಿಯಲಿ ಎಂದು ಜೇಬು ದೊಡ್ಡದಾಗಿಯೇ ಇಟ್ಟಿದ್ದೇನೆ. ನೂರು ಕಾಲ ಚೆನ್ನಾಗಿರು ತಾಯಿ.

ಇಂತಿ ನಿನ್ನ,
ಅಕ್ಕ

ತಾ.ಕ.: ನೀನು ಬರುವುದಿಲ್ಲ ಎಂದು ನನಗೆ ಗೊತ್ತು, ಅದಕ್ಕೇ ಈ ಭಾನುವಾರ ಬೆಳಿಗ್ಗೆ ನಾವೇ ಬರುತ್ತಿದ್ದೇವೆ. ಬೇಕರಿಯ ವ್ಯಾನಿನಲ್ಲಿ ನಾಲ್ವರು, ಮುಂದಿನ ಸೀಟಿನಲ್ಲಿ ಟೀಚರು. ನಿನ್ನ ಮಗನಿಗೆ ಎಲ್ಲ ಗೊತ್ತು, ಅವನನ್ನು ಬೈಯಬೇಡ. ಮುಂದಿನ ಸಾಲಿನ ರಾಗವನ್ನು ನಮಗೆ ನೀನೇ ಕಲಿಸಬೇಕು, ತಪ್ಪಿದ ಕಡೆ ತಿದ್ದಬೇಕು. ಚೀಟಿಯಲ್ಲಿ ಬರೆದು ತೋರಿಸುವ ಉಪಾಯವೇನಾದರೂ ಇದ್ದರೆ ಈಗಲೇ ಬಿಡು. ವ್ಯಾನು ಓಡಿಸುವ ಬೇಕರಿಯವಳ ಅಳಿಯನೊಬ್ಬನನ್ನು ಬಿಟ್ಟು ನಾವೆಲ್ಲರೂ ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬರುವುದೆಂದು ತೀರ್ಮಾನವಾಗಿದೆ.