ಅನುವಾದಕರ ಹೆಸರಿನ ಸಾಲು

ಹಾಸ್ಟೆಲ್ ಸಂಖ್ಯೆ 3, ಕೊಠಡಿ 41
14 ಡಿಸೆಂಬರ್ 1984, ಶುಕ್ರವಾರ

ಪ್ರೀತಿಯ ಅಮ್ಮನಿಗೆ,

ಐದು ವಾರದಿಂದ ಒಂದು ಸಾಲೂ ಬರೆದಿಲ್ಲ. ನಿನ್ನ ಎರಡು ಕಾಗದ, ಉಣ್ಣೆಯ ಕಾಲುಚೀಲ, ಸಿಹಿ ಹಾಲಿನ ಡಬ್ಬಿ ಎಲ್ಲ ತಲುಪಿವೆ. ಕಾಲುಚೀಲ ಹಾಕಿಕೊಂಡೇ ಬರೆಯುತ್ತಿದ್ದೇನೆ. ಹಾಲಿನ ಡಬ್ಬಿಯನ್ನು ನನ್ನ ರೂಮ್‌ಮೇಟ್ ತೋಮ್ಕಾ ಚಮಚ ಹಾಕಿ ಒಂದೇ ಸಂಜೆಗೆ ಅರ್ಧ ಮಾಡಿದಳು. ತಡವಾಯಿತೆಂದು ಬೈಯಬೇಡ. ಬೈಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಮುಂದೆ ಬರುತ್ತದೆ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ರೈಲಿನಲ್ಲಿ ಬೋಗಿ ನೋಡಿಕೊಳ್ಳುವ ಕ್ಲಾವಾ ಅತ್ತೆ ಸಕ್ಕರೆ ಪೆಟ್ಟಿಗೆಯೊಳಗೆ ಇಟ್ಟುಕೊಂಡು ತರುತ್ತಾಳೆ. ಸೋಮವಾರದೊಳಗೆ ಓದು. ಓದಿ ಒಲೆಗೆ ಹಾಕು.

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನನಗೇ ಗೊಂದಲವಾಗುತ್ತದೆ.

ಇಲ್ಲಿ ಭಾಷಾ ಸಂಸ್ಥೆಯಲ್ಲಿ ಮೊದಲ ವರ್ಷದವರಿಗೆಲ್ಲ ಒಂದೊಂದು ಇಂಗ್ಲಿಷ್ ಕ್ರಿಯಾಪದ ಹಂಚುತ್ತಾರೆ. ಚಳಿಗಾಲದ ಪರೀಕ್ಷೆಯೊಳಗೆ ಅದಕ್ಕೆ ಇನ್ನೂರು ಕಾರ್ಡು ಬರೆಯಬೇಕು. ಮೇಲೆ ಇಂಗ್ಲಿಷ್ ವಾಕ್ಯ, ಕೆಳಗೆ ರಷ್ಯನ್, ಅದರ ಕೆಳಗೆ ಎರಡು ಸಾಲು: ಮೂಲ ಬರೆದವರು ಯಾರು, ಅನುವಾದಿಸಿದವರು ಯಾರು. ವಾಕ್ಯ ಎಲ್ಲಿಂದಾದರೂ ತರಬಹುದು, ಆದರೆ ಯಾರೋ ಒಬ್ಬ ಇಂಗ್ಲಿಷಿನವನು ನಿಜವಾಗಿ ಬರೆದದ್ದಾಗಿರಬೇಕು. ತಾನೇ ಹುಟ್ಟಿಸಿದ ವಾಕ್ಯ ಸಿಕ್ಕಿತೋ, ಆ ದಿನವೇ ಗಂಟುಮೂಟೆ. ಕಾರ್ಡಿನ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಅರ್ಕಾದಿ ಲ್ವೋವಿಚ್ ಮೇಷ್ಟ್ರು ಮೊದಲ ದಿನವೇ ಹೇಳಿದರು: "ಪರೀಕ್ಷೇಲಿ ಕಾಪಿ ಹೊಡೆದ್ರೆ ಕ್ಷಮಿಸ್ತೀನಿ ಮಕ್ಕಳೇ, ನಾನೂ ಹೊಡೆದವನೇ. ನನ್ನ ಪೆಟ್ಟಿಗೇಲಿ ಹುಸಿ ವಾಕ್ಯ ಇಟ್ರೆ ಮಾತ್ರ ಇಲ್ಲ."

ನನಗೆ ಬಂದದ್ದು "ಕೀಪ್." ತೋಮ್ಕಾ ಬಿದ್ದು ಬಿದ್ದು ನಕ್ಕಳು. "ಅಯ್ಯೋ ರಿಮ್ಮಾ, ನಂಗೆ ಸೀನೋದು ಬಂತು, ಎರಡೇ ದಿನದ ಕೆಲಸ. ನಿಂದು ಕರೆದಷ್ಟೂ ಹಾಲು ಕೊಡೋ ಹಸು ಕಣೇ!" ನಿಜವೇ. ಕೈಯಲ್ಲಿ ಹಿಡಿದಿದ್ದರೆ ರಷ್ಯನ್ನಿನಲ್ಲಿ ದೆರ್ಝಾತ್. ಕಪಾಟಿನಲ್ಲಿಟ್ಟಿದ್ದರೆ ಹ್ರನೀತ್. ಕೋಳಿ ಸಾಕಿದರೆ ಬೇರೆ, ಮಾತು ಉಳಿಸಿಕೊಂಡರೆ ಬೇರೆ, ಬಿಡದೆ ಒಂದೇ ಪ್ರಶ್ನೆ ಕೇಳುತ್ತಿದ್ದರೆ ಇನ್ನೂ ಬೇರೆ. ಲೈಬ್ರರಿಯ ಪುಸ್ತಕಗಳನ್ನೆಲ್ಲ ಜಾಲಾಡಿದೆ. ಕಳೆನಾಶಕದ ಡಬ್ಬಿಯ ಮೇಲಿನ ಸೂಚನೆಯನ್ನೂ ಬಿಡಲಿಲ್ಲ. ಅಕ್ಟೋಬರ್ ಕೊನೆಗೆ ನೂರ ಎಂಬತ್ತೊಂಬತ್ತು ಆಯಿತು. ಹನ್ನೊಂದು ಬಾಕಿ.

ಆ ಹೊತ್ತಿಗೇ ಅಜ್ಜಿ ತೀರಿಕೊಂಡದ್ದು. ನಿನಗೆ ಮೂರೇ ದಿನ ರಜೆ, ಮಣ್ಣು ಮುಗಿಸಿ ಹೊರಟುಹೋದೆ. ಅವಳ ಕೋಣೆ ಖಾಲಿ ಮಾಡಲು ಉಳಿದವಳು ನಾನು. ಹಿಟ್ಟಿನ ಡಬ್ಬಿಯ ತಳದಲ್ಲಿ ಎಣ್ಣೆಬಟ್ಟೆಯ ಗಂಟೊಂದಿತ್ತು. ಇಪ್ಪತ್ತಮೂರು ಕಾಗದ. ಲಕೋಟೆಯ ಮೇಲೆ ಅಜ್ಜಿಯ ಹೆಸರು, ಒಳಗೆ ನಿನ್ನದು: "ನನ್ನ ಜೀನಾ."

ಅಪ್ಪ ಭೂಗರ್ಭಶಾಸ್ತ್ರಜ್ಞ, ನಾನು ಹುಟ್ಟುವ ಮೊದಲೇ ಸೈಬೀರಿಯಾದ ಹೊಳೆಯಲ್ಲಿ ಮುಳುಗಿದ ಎಂದು ನೀನು ಹೇಳಿದ್ದೆ. ನಾನು ಬೆಳೆದ ಹಾಸ್ಟೆಲ್ ಶಾಲೆಯಲ್ಲಿ ನಮ್ಮ ಕೋಣೆಯೊಂದರಲ್ಲೇ ಭೂಗರ್ಭಶಾಸ್ತ್ರಜ್ಞರ ಮಕ್ಕಳು ಐದು ಜನ ಇದ್ದೆವು, ಅಮ್ಮಾ. ಎಲ್ಲರ ಅಪ್ಪನೂ ಮುಳುಗಿದವನೇ. ನಮ್ಮನಮ್ಮಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ.

ಈಗ ಗೊತ್ತಾಯಿತು, ನನ್ನ ಅಪ್ಪ ಸ್ಟ್ಯಾನ್ಲಿ ಹೋಬ್ಸ್. ನೂಲಿನ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದು, ಎರಡು ವರ್ಷವಿದ್ದು, ವೀಸಾ ಮುಗಿದು ಹೋದ ಇಂಗ್ಲಿಷ್ ಫಿಟ್ಟರ್. ಕಾಗದಗಳಲ್ಲಿ ಅವನ ಪ್ರತಿ ಪದದ ಮೇಲೂ ನಿನ್ನ ಪೆನ್ಸಿಲ್ ಇತ್ತು. ನಕ್ಷೆಗೆ ಅಳತೆ ಬರೆಯುತ್ತೀಯಲ್ಲ, ಅದೇ ಸಣ್ಣ ನೆಟ್ಟನೆಯ ಅಕ್ಷರ. ಶಬ್ದಕೋಶ ನೋಡಿ ನೋಡಿ ನೀನು ಒಂದೊಂದೇ ಪದ ಬಿಡಿಸಿದ್ದೆ. "ನಿನ್ನ ಒಂಟಿ ಕೈಗವಸನ್ನು ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ" ಎಂದು ಅವನು ಬರೆದ ಕಡೆ ನಾನಾಗಿದ್ದರೆ ಹ್ರನೀತ್ ಎಂದು ಬರೆದು ಮುಂದೆ ಹೋಗುತ್ತಿದ್ದೆ. ನೀನು ಅದನ್ನು ಬರೆದು, ಹೊಡೆದುಹಾಕಿ, ಬೆರೇಚ್ ಎಂದು ಬರೆದಿದ್ದೆ. ಒಡೆದೀತು, ಕಳೆದೀತು ಎಂಬ ಭಯದಲ್ಲಿ ಜೋಪಾನ ಮಾಡುವುದು.

ಆ ಕಾಗದಗಳಿಂದ ಹನ್ನೊಂದು ವಾಕ್ಯ ತೆಗೆದೆ. ನಿನ್ನನ್ನು ಕೇಳಲಿಲ್ಲ.

ಮೇಷ್ಟ್ರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. "ಅನುವಾದ ನಿಂದಲ್ಲ ಕಣಮ್ಮ. ಹದಿನೆಂಟು ವರ್ಷಕ್ಕೆ ಇದು ಕೈಗೆ ಬರಲ್ಲ. ಕಾದು ಕೂತವರಿಗೆ ಮಾತ್ರ ಬರೋದು." ಆಮೇಲೆ ಕಾರ್ಡಿನ ಕೊನೆಯ ಸಾಲು ನೋಡಿ, "ಯಾರು ಈ ಜಿನಾಯಿದಾ ತೊರೊಪೊವಾ?" ಎಂದರು. ನಮ್ಮಮ್ಮ ಎಂದೆ. ಅಷ್ಟು ಜೋರಾಗಿ ನಾನು ಇಲ್ಲಿ ಏನನ್ನೂ ಹೇಳಿದ್ದಿಲ್ಲ.

ಹನ್ನೊಂದನ್ನೂ ಮಾಸ್ಕೋದ ದೊಡ್ಡ ನಿಘಂಟಿಗೆ ಕಳಿಸಲು ಆರಿಸಿದರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಹೊರಗೆ ಹೋಗುವ ಪ್ರತಿ ಹಾಳೆಗೂ ಮೊದಲನೇ ವಿಭಾಗದ ಮುದ್ರೆ ಬೇಕು. ಯಾರಿಗೆ ಹೊರದೇಶದ ನಂಟಿದೆ ಎಂದು ಕಣ್ಣಿಡುವ ಆ ವಿಭಾಗದ ಬಗ್ಗೆ ನಿನಗೆ ಹೇಳಬೇಕಾಗಿಲ್ಲ, ನಿಮ್ಮ ಗುಪ್ತ ಕಾರ್ಖಾನೆಯಲ್ಲೂ ಇದೆ.

ಬುಧವಾರ ಕರೆಸಿದರು. ಅಲ್ಲಿಯ ಕುಜ್ಮಿಚೋವ್ ನೋಡಲು ಸಾಧು ಮನುಷ್ಯ, ಸ್ವೆಟರಿನ ಮೊಣಕೈಗೆ ತೇಪೆ ಹಾಕಿಕೊಂಡಿದ್ದಾನೆ. "ಕೂತ್ಕೊಳಮ್ಮ. ಚಹಾ ಕುಡೀತೀಯಾ? ಇಸ್ಪೀಟು ಬರುತ್ತಾ?" ಎನ್ನುತ್ತಾ ಹನ್ನೊಂದು ಕಾರ್ಡನ್ನೂ ಮೇಜಿನ ಮೇಲೆ ಹರಡಿದ. "ಈ ರಾಜ ಯಾರು, ಹೋಬ್ಸ್? ಈ ರಾಣಿ ಮಾತ್ರ ನಂಗೆ ಗೊತ್ತಾಗಿಬಿಟ್ಟಳು. ಕಾರ್ಖಾನೆ ಕೆಲಸಕ್ಕೆ ಸೇರುವಾಗ ವಿದೇಶದಲ್ಲಿ ಪರಿಚಯದವರು ಯಾರೂ ಇಲ್ಲ ಅಂತ ಸಹಿ ಹಾಕಿದಾಳೆ. ಸೋಮವಾರ ಅಲ್ಲಿಯವರು ಕರೆದು ಕೇಳ್ತಾರೆ. ಅಷ್ಟರೊಳಗೆ ಮೂಲ ಕಾಗದ ತಂದು ಕೊಡು, ನೀನು ಆರಾಮಾಗಿ ಓದ್ಕೋಬಹುದು."

ಕಾರ್ಖಾನೆಯೊಳಗೆ ಬಿಡುವ ನಿನ್ನ ಪಾಸು, ನಿನ್ನ ಕೋಣೆ, ಹನ್ನೊಂದು ವರ್ಷದ ಕೆಲಸ, ಎಲ್ಲ ಆ ಮೇಜಿನ ಮೇಲಿತ್ತು. ನನಗೆ ಹೊಳೆದದ್ದು ಒಂದೇ ದಾರಿ.

"ಕಾಗದಾನೇ ಇಲ್ಲ ಸರ್. ನಾನೇ ಹುಟ್ಟಿಸಿದ್ದು. ಕಾರ್ಡು ಕಮ್ಮಿ ಬಿದ್ದಿತ್ತು."

"ಹೋಬ್ಸನ್ನೂ?"

"ಹೋಬ್ಸನ್ನೂ."

"ಅಮ್ಮನ ಹೆಸರು ಯಾಕೆ ಹಾಕ್ದೆ ಮತ್ತೆ?"

"ಚೆನ್ನಾಗಿ ಕಾಣ್ಲಿ ಅಂತ."

ಹರಡಿದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿಕೊಂಡ. "ಹುಸಿ ವಾಕ್ಯ ಬರೆದವರನ್ನ ಇಲ್ಲಿ ಇಟ್ಕೊಳಲ್ಲ ಅನ್ನೋದು ಗೊತ್ತಲ್ಲ?" ಗೊತ್ತು ಎಂದೆ. "ಸರಿ. ನಿಮ್ಮ ಮೇಷ್ಟ್ರು ಬರೆದು ಕೊಡಲಿ, ಇವೆಲ್ಲ ಹುಸಿ ಅಂತ."

ನಿನ್ನೆ ಬಾಯ್ಲರ್ ಕೋಣೆಗೆ ಹೋದೆ. ಬೆಂಕಿ ನೋಡಿಕೊಳ್ಳುವ ತಾತ ಗಂಟು ನೋಡಿ ಕಣ್ಣು ಮಿಟುಕಿಸಿದ. "ಪ್ರೇಮಪತ್ರಾನಾ ಹುಡುಗಿ?" ನಮ್ಮಮ್ಮಂದು ಎಂದೆ. ಅವನ ನಗು ನಿಂತಿತು. "ಹಂಗಾದ್ರೆ ನೀನೇ ಹಾಕು ತಾಯಿ. ನಾನು ಮುಟ್ಟಲ್ಲ." ಬಾಗಿಲು ತೆರೆದು ಹಿಡಿದುಕೊಂಡು, ಮುಗಿಯುವವರೆಗೆ ಆ ಕಡೆ ತಿರುಗಿ ನಿಂತಿದ್ದ. ಇಪ್ಪತ್ತಮೂರನ್ನೂ ಹಾಕಿದೆ. ಕೊನೆಯದನ್ನು ಉಳಿಸಿಕೊಳ್ಳಬೇಕೆಂದು ಕೈ ಹಿಂದೆ ಬಂದಿತ್ತು. ಅದನ್ನೂ ಹಾಕಿದೆ.

ಇವತ್ತು ಬೆಳಿಗ್ಗೆ ಮೇಷ್ಟ್ರ ಹತ್ತಿರ ಹೋದೆ. ಹೇಳುವ ಮೊದಲೇ ಅವರಿಗೆ ತಿಳಿದಿತ್ತು. "ಇಪ್ಪತ್ತಾರು ವರ್ಷದಿಂದ ಈ ಪೆಟ್ಟಿಗೆಗಳನ್ನ ಕಾಯ್ತಿದೀನಿ, ಒಂದು ಹುಸಿ ಒಳಗೆ ಬಿಟ್ಟಿಲ್ಲ. ಈಗ ನಿಜದ ಹನ್ನೊಂದನ್ನ ಹುಸಿ ಅಂತ ಬರೀಬೇಕು, ಅಲ್ವಾ?" ಅವರು ಬರೆದರು: ಇಂಗ್ಲಿಷ್ ಕೃತಕವಾಗಿದೆ, ಅನನುಭವಿ ವಿದ್ಯಾರ್ಥಿನಿಯ ಕೈಕೆಲಸ. ಸಹಿ ಮಾಡುವಾಗ ಪೆನ್ನಿನಲ್ಲಿ ಮಸಿ ಬರಲಿಲ್ಲ. ಕೊಡವಿಕೊಂಡು ಮತ್ತೆ ಮಾಡಿದರು. "ನಿಮ್ಮಮ್ಮನಿಗೆ ಹೇಳು, ಆ ಕೈಗವಸಿನ ವಾಕ್ಯಕ್ಕೆ ಅದೇ ಸರಿಯಾದ ಪದ. ನನಗೂ ಹೊಳೀತಿರಲಿಲ್ಲ" ಎಂದರು. ಹನ್ನೊಂದು ಕಾರ್ಡಿನ ಮೇಲೂ ಕೆಂಪು ಗೆರೆ ಎಳೆದರು. ಸೋಮವಾರ ನನ್ನನ್ನು ತೆಗೆದುಹಾಕಿದ ಆದೇಶ ಬೋರ್ಡಿಗೆ ಬೀಳುತ್ತದೆ.

ಈಗ, ಸೋಮವಾರ ನೀನು ಅವರಿಗೆ ಹೇಳಬೇಕಾದ್ದು: ಹೋಬ್ಸ್ ಎಂಬವರು ಯಾರೂ ನನಗೆ ಗೊತ್ತಿಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲ. ಮಗಳು ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಕಟ್ಟುಕತೆ ಹೇಳುವುದು ಅವಳ ಚಾಳಿ, ಇಲ್ಲದ ಅಪ್ಪನನ್ನು ಹುಟ್ಟಿಸಿಕೊಂಡಿದ್ದಾಳೆ. ಇಷ್ಟೇ. ಅಳಬೇಡ, ಅತ್ತರೆ ನಂಬುವುದಿಲ್ಲ. ಸಿಟ್ಟು ಮಾಡು. ಅದು ಕಷ್ಟವಾಗಲಾರದು.

ನನ್ನ ಬಗ್ಗೆ ಯೋಚಿಸಬೇಡ. ಬ್ರೆಡ್ ಕಾರ್ಖಾನೆಯಲ್ಲಿ ಜನ ಬೇಕಾಗಿದ್ದಾರಂತೆ, ಮಲಗಲು ಮಂಚವನ್ನೂ ಕೊಡುತ್ತಾರಂತೆ. ನನಗೆ ಮಂಚದ ಸಾಲು ಹೊಸದಲ್ಲ. ನಿನ್ನ ಕೆಮ್ಮು ಹೇಗಿದೆ? ಎದೆಗೆ ಸಾಸಿವೆ ಪಟ್ಟಿ ಹಾಕಿಕೋ. ಊರಿಗೆ ಹೊರಡುವಾಗೆಲ್ಲ ಅಜ್ಜಿ ಬಾಗಿಲಲ್ಲಿ ನಿಂತು ಹರಸಲೆಂದು ನಮ್ಮ ಬೆನ್ನ ಹಿಂದೆ ಗಾಳಿಯಲ್ಲಿ ಬೆರಳಿನಿಂದ ಶಿಲುಬೆ ಬರೆಯುತ್ತಿದ್ದಳಲ್ಲ, ಅವಳ ಬದಲು ನಾನೇ ನಿನಗೆ ಇಲ್ಲಿಂದ ಬರೆದಿದ್ದೇನೆ. ಸೋಮವಾರ ಬೆಳಿಗ್ಗೆ ಮನೆಯಿಂದ ಹೊರಡುವಾಗ ಬೆನ್ನು ನೆಟ್ಟಗಿರಲಿ.

ನಿನ್ನ ಮಗಳು,
ರಿಮ್ಮಾ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಖಾಸಗಿ ಕಾಗದದ ವಾಕ್ಯವಾದರೆ ಇಬ್ಬರದೂ ಇನಿಷಿಯಲ್ ಸಾಕು ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಹಾಗೆ ಬರೆದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನಾನು ಪೂರ್ತಿ ಹೆಸರು ಬರೆದೆ, ಹನ್ನೊಂದು ಸಲವೂ. ಅವನ ಕೊನೆಯ ಕಾಗದ 1973ರದು: "ಮಗುವಿಗಾಗಿ ಮಹಡಿಯ ಕೋಣೆಯನ್ನು ಹಾಗೇ ಇಟ್ಟಿದ್ದೇನೆ, ಗೋಡೆಗೆ ಹಳದಿ ಕಾಗದ ಅಂಟಿಸಿದ್ದೇನೆ." ಅದರ ಮೇಲೂ ನಿನ್ನ ಪೆನ್ಸಿಲ್ ಇತ್ತು, ಮೂರು ಪದ ಹೊಡೆದುಹಾಕಿ ನಾಲ್ಕನೆಯದನ್ನು ಆರಿಸಿದ್ದೆ. ಆ ವರ್ಷವೇ ನೀನು ನನ್ನನ್ನು ಹಾಸ್ಟೆಲ್ ಶಾಲೆಯ ಇಪ್ಪತ್ತೆರಡು ಮಂಚದ ಕೋಣೆಯಲ್ಲಿ ಬಿಟ್ಟು, ವಿದೇಶದಲ್ಲಿ ಯಾರೂ ಇಲ್ಲವೆಂಬ ಆ ಕಾರ್ಖಾನೆಯ ಫಾರಂಗೆ ಸಹಿ ಹಾಕಿದ್ದು. ಸರಿಯಾದ ಪದ ಹುಡುಕಲು ನಿನಗೆ ಅಷ್ಟು ಹೊತ್ತು ಇತ್ತಲ್ಲ ಅಮ್ಮಾ ಎಂದುಕೊಳ್ಳುತ್ತಲೇ ನಿನ್ನ ಹೆಸರನ್ನು ದುಂಡಗೆ ಬರೆದೆ. ಯಾರಾದರೂ ಓದಲಿ ಎಂದೇ ಬರೆದೆ.