ಎಂಟು ಗಂಟೆಯ ಎರಡು ಗುಳಿಗೆ

ಮೆಹದಿಪಟ್ಟಣಂ, ಹೈದರಾಬಾದ್
೮ ಫೆಬ್ರವರಿ ೨೦೦೬, ಬುಧವಾರ

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಗಂಗಾ ದೂರದಿಂದಲೇ ಕಾಲು ಮುಟ್ಟಿ ಬರೆಯುವುದು.

ಈಗ ಸಂಜೆ ಏಳೂಕಾಲು. ಗಚ್ಚಿಬೌಲಿಯಿಂದ ಬಸ್ಸಿನಲ್ಲಿ ನಿಂತೇ ಬಂದೆ. ಬೆಳಿಗ್ಗೆ ಬಾರದ ನಲ್ಲಿ ನೀರು ಈಗ ಬಂದಿದೆ, ಕೊಡ ತುಂಬುವವರೆಗೆ ಬರೆಯೋಣವೆಂದು ಕೂತಿದ್ದೇನೆ. ನೀವು ಕಳಿಸಿದ ಶೇಂಗಾ ಚಟ್ನಿ ತಲುಪಿತು. ಅರ್ಧ ಆಫೀಸಿನಲ್ಲೇ ಮುಗಿಯಿತು. ರಾಯಚೂರಿನ ಆನಂದಕುಮಾರ ಅಂತ ಹೇಳಿದ್ದೆನಲ್ಲ, ನಮ್ಮಲ್ಲಿ ಪ್ರೋಗ್ರಾಂ ಬರೆಯುವವನು, ಅವನು ಬೆರಳು ಚೀಪುತ್ತಾ, "ಗಂಗಕ್ಕಾ, ನಿಮ್ಮ ಅತ್ತಿಯವರನ್ನ ಇಲ್ಲೇ ಕರಕೊಂಡು ಬರ್ರಿ, ನಮ್ಮ ಕ್ಯಾಂಟೀನ್ ಉದ್ಧಾರ ಆಗ್ತೈತಿ" ಎಂದ.

ನಿಮ್ಮ ಪತ್ರಕ್ಕೆ ಉತ್ತರ ತಡವಾಯಿತು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿಮ್ಮ ದನಿ ಕೇಳಿದರೆ ನನಗೆ ಮಾತು ನಿಂತುಹೋಗುತ್ತದೆ. ವರ್ಷದ ಕಾರ್ಯ ಮುಗಿದ ಮೇಲೆ ಕೆಲಸ ಬಿಟ್ಟು ಹುಮನಾಬಾದಿಗೇ ಬಂದುಬಿಡು, ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಉಣ್ಣೋಣ ಎಂದು ಬರೆದಿದ್ದೀರಿ. ಆ ಸಾಲನ್ನು ನಾಲ್ಕು ದಿನ ಬಸ್ಸಿನಲ್ಲಿ ಓದಿದ್ದೇನೆ. ಉತ್ತರ ಹೇಳುವ ಮುಂಚೆ ನಾನಿಲ್ಲಿ ಏನು ಮಾಡುತ್ತೇನೆ ಎಂಬುದನ್ನು ಸರಿಯಾಗಿ ಹೇಳಬೇಕು. ಇಷ್ಟು ದಿನ ಟೈಪಿಂಗ್ ಎಂದಷ್ಟೇ ಹೇಳಿದ್ದೆ. ಅದು ಮೊದಲ ಮೂರು ತಿಂಗಳ ಮಟ್ಟಿಗೆ ನಿಜ.

ನಿಮ್ಮ ಮಗ ಇಲ್ಲಿನ ಗಾಜಿನ ಕಟ್ಟಡಗಳಿಗೆ ವೈರ್ ಎಳೆಯುತ್ತಿದ್ದಾಗಲೇ ನನ್ನನ್ನು ಕಂಪ್ಯೂಟರ್ ಕ್ಲಾಸಿಗೆ ಹಚ್ಚಿದ್ದು ನಿಮಗೆ ನೆನಪಿರಬೇಕು. "ನಾ ಕರೆಂಟ್ ಕೊಡತೀನಿ, ನೀ ಒಳಗ ಎಸಿಯೊಳಗ ಕುಂತು ಕೆಲಸ ಮಾಡು" ಎಂದು ನಗುತ್ತಿದ್ದರು. ಅವರು ಹೋದ ಮೇಲೆ ಆ ಕ್ಲಾಸಿನ ಸರ್ಟಿಫಿಕೇಟ್ ಒಂದನ್ನೇ ಹಿಡಿದುಕೊಂಡು ಈ ಕಂಪನಿ ಸೇರಿದೆ. ದೊಡ್ಡದಲ್ಲ, ಮೂರು ಕೋಣೆ. ಆಸ್ಪತ್ರೆಗಳಿಗಾಗಿ ಒಂದು ಪ್ರೋಗ್ರಾಂ ಮಾಡುತ್ತಾರೆ. ಯಾವ ರೋಗಿಗೆ ಎಷ್ಟು ಹೊತ್ತಿಗೆ ಯಾವ ಗುಳಿಗೆ ಕೊಟ್ಟರು ಎಂಬುದನ್ನು ನರ್ಸ್‌ಗಳು ರಿಜಿಸ್ಟರಿನ ಬದಲು ಕಂಪ್ಯೂಟರಿನಲ್ಲಿ ಬರೆಯಬೇಕು, ಅಷ್ಟೆ.

ಮಾರುವ ಮುಂಚೆ ಸುಳ್ಳು ರೋಗಿಗಳನ್ನು ತುಂಬಿ ನೋಡುತ್ತಾರೆ. ಎಲ್ಲರೂ ಬಾಯಿಗೆ ಬಂದ ಹೆಸರು ಹಾಕಿ, ಒಂದು ಗುಳಿಗೆ ಬರೆದು ಎದ್ದುಹೋಗುತ್ತಿದ್ದರು. ನನಗೆ ಸುಳ್ಳು ರೋಗಿ ಹೊಳೆಯಲಿಲ್ಲ. ಆಸ್ಪತ್ರೆಯಲ್ಲಿ ಅವರ ಹಾಸಿಗೆಯ ಪಕ್ಕ ಕಳೆದ ನಮ್ಮ ನಲವತ್ತೊಂದು ದಿನಗಳನ್ನೇ ತುಂಬಿದೆ. ಅದೆಲ್ಲ ನನಗೆ ಬಾಯಿಪಾಠವಾಗಿತ್ತು. ಹೆಸರಿನ ಜಾಗದಲ್ಲಿ ಅವರದನ್ನೇ, ಚಂದ್ರಾಮ ಎಂದು ಬರೆದೆ. ಬಾಯಲ್ಲಿ ಎಂದೂ ಹೇಳದ ಹೆಸರು, ಬೆರಳಿಗೆ ತಡೆಯಾಗಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಅವರಿಗೆ ಎರಡು ಗುಳಿಗೆ ಇದ್ದವಲ್ಲ, ಬಿಳಿಯದು, ಹಳದಿಯದು. ಬಿಳಿಯದನ್ನು ಬರೆದೆ. ಹಳದಿಯದನ್ನು ಬರೆದ ಕೂಡಲೇ ಬಿಳಿಯದು ಮಾಯವಾಯಿತು. ಮೂರು ಸಲ ನೋಡಿದೆ, ಮೂರು ಸಲವೂ ಹಾಗೇ. ಆನಂದಕುಮಾರನಿಗೆ ಹೇಳಿದರೆ, "ನೀವೇ ನುಂಗಿರ್‍ತೀರಿ ನೋಡ್ರಿ ಅಕ್ಕಾ" ಎಂದು ನಕ್ಕ. ನಾನು ಪಕ್ಕದಲ್ಲಿ ನಿಂತು ಮತ್ತೆ ಮಾಡಿ ತೋರಿಸಿದೆ. ನಗು ನಿಂತಿತು. "ಒಂದ ಹೊತ್ತಿಗೆ ಎರಡು ಗುಳಿಗಿ ಕೊಡತಾರಂತ ನಮಗ್ಯಾರಿಗೂ ಹೊಳೀಲೇ ಇಲ್ಲಲ್ರೀ!" ಎಂದು ತಲೆ ಕೆರೆದುಕೊಂಡ.

ನಮ್ಮ ಮೇಲಿನವರು ತಾರಾ ಮೇಡಂ. ಮರುವಾರವೇ ನನ್ನ ಕುರ್ಚಿಯನ್ನು ಟೈಪಿಂಗ್ ಕೋಣೆಯಿಂದ ತೆಗೆಸಿ ಟೆಸ್ಟಿಂಗ್ ಕಡೆಗೆ ಹಾಕಿಸಿದರು. ತಪ್ಪು ಹುಡುಕುವುದೇ ಈಗ ನನ್ನ ಕೆಲಸ. ಎಷ್ಟು ಗಂಟೆಗೆ, ಏನು ಒತ್ತಿದೆ, ಏನಾಯಿತು, ಇಷ್ಟನ್ನು ಬರೆದು ಕೊಡಬೇಕು. ಇಂಗ್ಲಿಷ್ ತಪ್ಪಾಗುತ್ತದೆ, ಆನಂದಕುಮಾರ ತಿದ್ದುತ್ತಾನೆ. ಆದರೆ ಬರೆದದ್ದು ತಪ್ಪಾಗುವುದಿಲ್ಲ. ನಲವತ್ತೊಂದು ದಿನ ಆ ಡೈರಿಯಲ್ಲಿ ನಾನು ಬೇರೇನು ಬರೆದೆ, ಅತ್ತೆ?

ಇವತ್ತು ಮಧ್ಯಾಹ್ನ ಮೇಡಂ ಕರೆದರು. ನಾಳೆ ಪ್ರೋಗ್ರಾಂ ಮೊದಲ ಸಲ ಒಂದು ಆಸ್ಪತ್ರೆಗೆ ಹೋಗುತ್ತದೆ, ನರ್ಸ್‌ಗಳಿಗೆ ಕಲಿಸಲು ನೀನೇ ಹೋಗು, ಚೆನ್ನಾಗಿ ನಡೆದರೆ ಏಪ್ರಿಲ್‌ನಿಂದ ಕೆಲಸ ಕಾಯಂ ಎಂದರು. ಆಮೇಲೆ ಆಸ್ಪತ್ರೆಯ ಹೆಸರು ಹೇಳಿದರು. ಅದೇ ಆಸ್ಪತ್ರೆ, ಅತ್ತೆ. ಅದೇ ಮೂರನೆಯ ಮಹಡಿ.

ಸಂಜೆ ಹೇಳುತ್ತೇನೆ ಎಂದು ಹೊರಗೆ ಬಂದು ಕುಡಿಯುವ ನೀರಿನ ಹತ್ತಿರ ನಿಂತೆ. ಆನಂದಕುಮಾರ ಬಂದು, "ಪ್ರಮೋಷನ್ ಸಿಕ್ರ ಯಾರರೆ ಅಳತಾರೇನ್ರಿ ಅಕ್ಕಾ? ಪೇಡೆ ತರಿಸ್ರಿ" ಎಂದ. ಅವನಿಗೇನೂ ಗೊತ್ತಿಲ್ಲ. ಐದು ಗಂಟೆಗೆ ಮೇಡಂ ಕೋಣೆಗೆ ಹೋಗಿ, ಆಸ್ಪತ್ರೆಗೆ ನಾನೇ ಹೋಗುತ್ತೇನೆ ಎಂದೆ.

ಹಾಗಾಗಿ ನಾನು ಕೆಲಸ ಬಿಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ, ಭಾನುವಾರದ ಕಾರ್ಯಕ್ಕೆ ಹೂರಣ ನಾನೇ ರುಬ್ಬುತ್ತೇನೆ. ಆ ನೋಯುವ ಮಂಡಿ ಇಟ್ಟುಕೊಂಡು ನೀವು ಒಳಕಲ್ಲಿನ ಮುಂದೆ ಕೂತದ್ದು ಗೊತ್ತಾದರೆ ಜಗಳವೇ. ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಬೇಸಿಗೆಯ ಬಿಸಿಲು ಏರುವ ಮುಂಚೆ ನೀವೇ ಇಲ್ಲಿಗೆ ಬನ್ನಿ. ಒಲೆ ಇಲ್ಲಿಯೂ ಒಂದೇ ಇದೆ.

ನಿಮ್ಮ ಮಗಳೆಂದೇ ತಿಳಿಯಿರಿ,
ಗಂಗಾ

ತಾ.ಕ.: ಮಡಚಿದ ಪತ್ರವನ್ನು ಮತ್ತೆ ಬಿಚ್ಚಿದೆ. ಬಾಯಿಪಾಠ ಎಂದದ್ದು ಸುಳ್ಳು. "ದವಾಖಾನಿ ಸಾಮಾನು ಮನ್ಯಾಗ ಇಡಬ್ಯಾಡವ್ವಾ, ಮೂಸಿ ಹೊಳಿಗೆ ಬಿಟ್ಟುಬಿಡು" ಎಂದಿದ್ದಿರಿ. ಚಾದರ ಬಿಟ್ಟೆ, ತಂಬಿಗೆ ಬಿಟ್ಟೆ. ಡೈರಿ ಬಿಡಲಿಲ್ಲ, ಅದು ನನ್ನ ಚೀಲದಲ್ಲೇ ಇದೆ. ಅದರಲ್ಲಿ ಮೂವತ್ತೊಂಬತ್ತನೆಯ ದಿನದ ಎಂಟು ಗಂಟೆಯ ಸಾಲಿನಲ್ಲಿ ಹಳದಿ ಗುಳಿಗೆ ಮಾತ್ರ ಇದೆ. ನರ್ಸ್ ದಿನವೂ ಎರಡನ್ನೂ ನನ್ನ ಕೈಗೇ ಕೊಡುತ್ತಿದ್ದಳು. ಬಿಳಿಯದನ್ನು ಬರೆಯಲು ಮರೆತೆನೋ, ಅವರಿಗೆ ಕೊಡಲೇ ಮರೆತೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಇದನ್ನು ನಿಮಗೆ ಹೇಳದೆ ಭಾನುವಾರ ನಿಮ್ಮ ಪಕ್ಕದಲ್ಲಿ ಕೂರಲಾರೆ. ನಾಳೆಯೂ ಆ ವಾರ್ಡಿನಲ್ಲಿ ಎಂಟಕ್ಕೆ ಗುಳಿಗೆ ಕೊಡುತ್ತಾರೆ. ಏಳೂವರೆಗೇ ನಾನು ಅಲ್ಲಿರಬೇಕು.