ಕಂಡಿಕೆಯ ಕೂಲಿ

ನಾರಾಯಣಪೇಟೆ
೯ ಫೆಬ್ರವರಿ ೨೦೨೫

ಚಿ. ಸೌ. ಸ್ರವಂತಿಗೆ ನಿನ್ನ ಅಪ್ಪನ ತುಂಬು ಆಶೀರ್ವಾದ.

ಗದ್ವಾಲದಲ್ಲಿ ನೀವೆಲ್ಲ ಸುಖವಾಗಿದ್ದೀರೆಂದು ನಿಮ್ಮಮ್ಮ ಹೇಳಿದಳು. ಸಂಕ್ರಾಂತಿಗೇ ಬರೆಯಬೇಕಿದ್ದ ಕಾಗದ ಇದು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಇರುವಾಗ ಕಾಗದವೇಕೆ ಅನ್ನಬಹುದು. ನನ್ನ ದನಿ ಕೇಳಿದ ಕೂಡಲೇ ನೀನು "ಅಮ್ಮಗ ಕೊಡ್ರಿ" ಅನ್ನುತ್ತೀ. ಮದುವೆಯಾದಾಗಿನಿಂದ ಹಾಗೇ. ಕಾರಣ ನನಗೆ ಗೊತ್ತಿದೆ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವವರೆಗೆ ಇರುತ್ತೀ ಅಂತ ಬರೆಯುತ್ತಿದ್ದೇನೆ.

ನಿನ್ನ ತಮ್ಮ ನರೇಂದ್ರನ ಹೆಂಡತಿ ಪ್ರಶಾಂತಿ ನಮ್ಮ ಮನೆಯನ್ನೇ ತಲೆಕೆಳಗು ಮಾಡಿದ್ದಾಳೆ. ಧನ್ವಾಡದ ತವರಿಗೆ ಹೋದವಳು ಬರುವಾಗ ಒಂದು ತೆಲುಗು ಪುಸ್ತಕ ತಂದಳು. ದುಡ್ಡು ಹೇಗೆ ನಿಭಾಯಿಸಬೇಕು, ಸ್ವಂತ ವ್ಯಾಪಾರ ಹೇಗೆ ಹೂಡಬೇಕು ಅನ್ನುವ ಪುಸ್ತಕ. ನಾನು ಮಗ್ಗದಲ್ಲಿ ಕೂತರೆ ಅವಳು ಹೊಸ್ತಿಲ ಹತ್ತಿರ ಕೂತು ಗಟ್ಟಿಯಾಗಿ ಓದುವಳು. "ಇಂಥಾ ಪುಸ್ತಕದಿಂದ ಸಾಹುಕಾರ ಆದಾಂವ ಅಂದ್ರ ಅದನ್ನ ಬರದಾಂವ ಒಬ್ಬನ ಇರಬೇಕು" ಎಂದು ಕಿಚಾಯಿಸಿದೆ.

"ನೀವು ನೇಯ್ರಿ ಮಾಮಾ, ಕಿವಿ ಅಷ್ಟು ಈ ಕಡೆ ಇರ್ಲಿ" ಅಂದಳು.

ನೂಲು ಕೊಟ್ಟು ಕೂಲಿಗೆ ನೇಯಿಸುವ ಸಾಹುಕಾರರನ್ನು ಬಿಟ್ಟು, ಈ ಸಲ ನಮ್ಮದೇ ನೂಲಿನಲ್ಲಿ ನೇಯ್ದು ರಾಯಚೂರಿನ ಅಂಗಡಿಗೆ ನೇರ ಮಾರುವುದೆಂದು ಅವಳೇ ಮಾತಾಡಿ ಬಂದಳು. ಮಗ್ಗಕ್ಕೆ ಉದ್ದಕ್ಕೆ ಹೂಡಿದ ಒಂದೇ ಹಾಸು ನೂಲಿನಲ್ಲಿ ಎಂಟು ಸೀರೆ. ದರ ಕಟ್ಟುವಾಗ ನೂಲು, ಬಣ್ಣ, ನನ್ನ ನೇಯ್ಗೆ ಎಲ್ಲ ಬರೆದು ತಲೆಯೆತ್ತಿದಳು.

"ಲಾಳಿಯೊಳಗ ಹಾಕೋ ನೂಲಿನ ಕಂಡಿಕಿ ಸುತ್ತಿದ್ದಕ್ಕ ಎಷ್ಟು ಬರೀಲಿ ಮಾಮಾ?"

"ಅದಕ್ಕೆಂಥಾ ಕೂಲಿ? ಮನಿ ಹೆಣ್ಮಕ್ಕಳು ಮಾಡ್ತಾರ."

"ಯಾರ ಕೈ ಮುಟ್ಟೇತಿ ಅವರ ಕೂಲಿ ಹಿಡೀಬೇಕು ಅಂತ ಇದರಾಗ ಐತ್ರಿ. ಹಿಡೀದಿದ್ರ ಅವರನ್ನ ಪುಕ್ಕಟೆ ಮಾರಿದಂಗ."

ನಾನು ಮಗ್ಗದ ಕಡೆ ಮುಖ ತಿರುಗಿಸಿದೆ. ಆದರೆ ಒಳಗಿದ್ದ ನಿಮ್ಮಮ್ಮ ಕೇಳಿಸಿಕೊಂಡಿದ್ದಳು. ಮರುದಿನ ಕಂಡಿಕೆ ಸುತ್ತುವ ರಾಟಿ ಮುಟ್ಟದೆ ಪಕ್ಕದ ಮನೆಗೆ ಹೋಗಿ ಕೂತುಬಿಟ್ಟಳು! ಹತ್ತು ಗಂಟೆಗೆಲ್ಲ ಮಗ್ಗ ನಿಂತಿತು. ಹಟಕ್ಕೆ ಬಿದ್ದು ನಾನೇ ಸುತ್ತಿದೆ. ನೂಲು ಕಿತ್ತು ಕಿತ್ತು ಬಂತು, ಸಡಿಲ ಸುತ್ತಿದ್ದು ಲಾಳಿಯಲ್ಲಿ ಸಿಕ್ಕುಬಿತ್ತು. ಸಂಜೆಯವರೆಗೆ ಒಂದು ಗೇಣು ಬಟ್ಟೆಯೂ ಆಗಲಿಲ್ಲ. ನಿಮ್ಮಮ್ಮ ಬಾಗಿಲಲ್ಲಿ ನಿಂತು, "ಸೊಂಟ ಹಿಡೀತೇನ್ರಿ?" ಅಂದಳು. ನಗು ತಡೆದುಕೊಂಡಿದ್ದಳು.

ದರ ಕೇಳಿ ಅಂಗಡಿಯವರು ಹುಬ್ಬು ಗಂಟಿಕ್ಕಿದರಂತೆ. ಪ್ರಶಾಂತಿ ಜಗ್ಗಲಿಲ್ಲ. ಆರು ಸೀರೆ ಹೋದವು, ಎರಡು ಇನ್ನೂ ಪೆಟ್ಟಿಗೆಯಲ್ಲಿವೆ. ದುಡ್ಡು ಬಂದ ದಿನ ಮೊದಲು ನಿಮ್ಮಮ್ಮನ ಕೂಲಿ ಎಣಿಸಿ ಅವಳ ಕೈಗಿಟ್ಟು, ಅವಳ ಹೆಸರಿನಲ್ಲಿ ಖಾತೆ ತೆಗೆಸಲು ನಮ್ಮಿಬ್ಬರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋದಳು. ಅಲ್ಲಿಯವರು, ಏನು ಕೆಲಸ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಮ್ಮ, "ಕಂಡಿಕಿ ಸುತ್ತತೀನ್ರಿ, ನಲವತ್ತು ವರ್ಷ ಆತು" ಅಂದಳು. ಇದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ನನಗೆ ಹೆಮ್ಮೆಯಾಯಿತು, ನಾಚಿಕೆಯೂ ಆಯಿತು. ಇಂಥ ಸೊಸೆ ಬಂದದ್ದು ನಮ್ಮ ಪುಣ್ಯ. ಮುದಿ ಮಾವನಿಗೆ ನಗುನಗುತ್ತ ಬುದ್ಧಿ ಹೇಳುವ ಧೈರ್ಯ ಎಷ್ಟು ಜನಕ್ಕಿರುತ್ತದೆ?

ಅಳಿಯಂದಿರಿಗೆ ನಮಸ್ಕಾರ ತಿಳಿಸು. ನಿನ್ನ ಮನೆಯಲ್ಲಿ ಯಾವ ಕೊರತೆಯೂ ಬಾರದಿರಲಿ, ನಿನ್ನ ಆಯಸ್ಸು ಗಟ್ಟಿಯಾಗಿರಲಿ.

ನಿನ್ನ ಅಪ್ಪ,
ಶಂಕರಯ್ಯ

ತಾ.ಕ.: ಬರೆಯಬೇಕಾದ್ದು ಇನ್ನೂ ಉಳಿದೇ ಇದೆ. ಅಮ್ಮನ ಕೈನೋವು ಹೆಚ್ಚಾದ ವರ್ಷ ನಿನ್ನನ್ನು ಒಂಬತ್ತನೇ ತರಗತಿಯಿಂದ ಬಿಡಿಸಿ ರಾಟಿಯ ಮುಂದೆ ಕೂರಿಸಿದವನು ನಾನು. ಮಗ್ಗದ ಕೆಲಸ ಮಾಡುವವರ ಹೆಸರು ಬರೆದುಕೊಂಡು ನೇಕಾರರ ಕಾರ್ಡು ಮಾಡಿಕೊಡುವವರು ಮನೆಗೆ ಬಂದಾಗ ನೀನು ಬೆಳಗಿನಿಂದ ಸುತ್ತುತ್ತಲೇ ಇದ್ದೆ. "ಈ ಹುಡುಗಿ ಏನ್ ಮಾಡ್ತಾಳ?" ಎಂದು ಕೇಳಿದರು. "ಏನಿಲ್ರಿ, ಖಾಲಿ ಕುಂತಿರ್ತಾಳ" ಅಂದುಬಿಟ್ಟೆ. ರಾಟಿ ನಿಂತಿತು. ನೀನು ನನ್ನನ್ನೊಮ್ಮೆ ನೋಡಿ ಮತ್ತೆ ತಿರುಗಿಸತೊಡಗಿದೆ. ಅಂದಿನಿಂದ ಇಂದಿನವರೆಗೆ ನನ್ನ ಹತ್ತಿರ ಏನನ್ನೂ ಕೇಳಿಲ್ಲ. ನಾನು ಸುಳ್ಳು ಹೇಳಿದೆ ಮಗಳೇ. ಆ ವರ್ಷ ನಾನು ನೇಯ್ದ ಸೀರೆಗಳಲ್ಲಿ ಲಾಳಿಯಿಂದ ಅಡ್ಡಕ್ಕೆ ಓಡಿದ ನೂಲೆಲ್ಲ ನಿನ್ನ ಕೈಯದೇ.